ಅಳಿವಿನಂಚಿನ ಮರಗಳಿಗೆ ನೆಲೆ ಹುಡುಕುವ ಉಪಗ್ರಹ: ಬೆಳೆಗಾರರು ತಿಳಿದಿರಬೇಕಾದ ಪಾಠ

ಸಂಘದ ಕಚೇರಿಗೆ ಬರುವ ಸದಸ್ಯ ಬಂಧುಗಳಲ್ಲಿ ಹಲವರು ಈಚೆಗೆ ಒಂದು ಪ್ರಶ್ನೆಯನ್ನು ಕೇಳುತ್ತಿದ್ದಾರೆ. "ಉಪಗ್ರಹದಿಂದ ನಮ್ಮ ತೋಟವೆಲ್ಲ ಕಾಣುತ್ತದಂತೆ, ಯಾವ ಮರ ಎಲ್ಲಿದೆ ಎಂಬುದೂ ಗೊತ್ತಾಗುತ್ತದಂತೆ, ನಿಜವೇ?" ಎಂಬುದು ಆ ಪ್ರಶ್ನೆ. ತೋಟ ಕಾಣುತ್ತದೆ ಎಂಬುದು ನಿಜ. ಯಾವ ಮರ ಎಲ್ಲಿದೆ ಎಂದು ಗೊತ್ತಾಗುತ್ತದೆ ಎಂಬುದು ಬಹುಮಟ್ಟಿಗೆ ನಿಜವಲ್ಲ. ಈ ಎರಡರ ನಡುವಿನ ವ್ಯತ್ಯಾಸವನ್ನು ನಾವು ಸರಿಯಾಗಿ ತಿಳಿದುಕೊಂಡರೆ ಕಾಡಿನ ಅಪರೂಪದ ಮರಗಳಿಗೂ ಉಪಕಾರ, ನಮ್ಮ ಜಮೀನಿಗೂ ಕ್ಷೇಮ. ಆದ್ದರಿಂದ ಈ ಸಂಚಿಕೆಯಲ್ಲಿ ಗೊಬ್ಬರ, ಔಷಧಿಗಳ ವಿಷಯವನ್ನು ಬದಿಗಿಟ್ಟು, ಅಳಿವಿನಂಚಿನಲ್ಲಿರುವ ಮರಗಳಿಗೆ ತಕ್ಕ ನೆಲೆಯನ್ನು ಉಪಗ್ರಹದ ಸಹಾಯದಿಂದ ಹೇಗೆ ಹುಡುಕುತ್ತಾರೆ ಎಂಬುದನ್ನು ವಿವರಿಸಲು ಪ್ರಯತ್ನಿಸಿದ್ದೇವೆ.

ಆರಂಭವಾದದ್ದು ತೋಟದಲ್ಲಿಯೇ

ದೂರಸಂವೇದಿ ಎಂದರೆ ವಸ್ತುವನ್ನು ಮುಟ್ಟದೆ, ಅದು ಹಿಂದಕ್ಕೆ ಕಳುಹಿಸುವ ಬೆಳಕಿನಿಂದ ಅದರ ಸ್ಥಿತಿಯನ್ನು ಅರಿಯುವ ವಿದ್ಯೆ. ನಮ್ಮ ದೇಶದಲ್ಲಿ ಈ ವಿದ್ಯೆಯ ಮೊದಲ ಪ್ರಯೋಗ ನಡೆದದ್ದು ತೋಟದ ಬೆಳೆಯ ಮೇಲೆ ಎಂಬುದು ನಮಗೆ ಹೆಮ್ಮೆಯ ಸಂಗತಿ. 1970ರಲ್ಲಿ ಕೇರಳದ ತೆಂಗಿನ ತೋಟಗಳಿಗೆ ಬೇರು ಸೊರಗು ರೋಗ ತಗುಲಿದ್ದಾಗ ಪ್ರೊ. ಪಿ. ಆರ್. ಪಿಷಾರೋಟಿ ಅವರ ನೇತೃತ್ವದಲ್ಲಿ ಹೆಲಿಕಾಪ್ಟರಿನಿಂದ ವಿಶೇಷ ಫಿಲ್ಮಿನ ಮೇಲೆ ಚಿತ್ರ ತೆಗೆದರು. ಕಣ್ಣಿಗೆ ಕಾಣದ ಅವಗೆಂಪು ಬೆಳಕನ್ನೂ ಆ ಫಿಲ್ಮು ಹಿಡಿಯುತ್ತಿತ್ತು. ರೋಗ ಹಿಡಿದ ಮರಗಳು ಆರೋಗ್ಯವಂತ ಮರಗಳಿಗಿಂತ ಬೇರೆಯಾದ ಬಣ್ಣದಲ್ಲಿ ಮೂಡಿದವು.

1972ರಲ್ಲಿ ಅಮೆರಿಕವು ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹವನ್ನು ಹಾರಿಸಿತು. ನಮ್ಮದೇ ಆದ ಐ.ಆರ್.ಎಸ್.-1ಎ ಉಪಗ್ರಹ 1988ರ ಮಾರ್ಚ್ 17ರಂದು ಕಕ್ಷೆ ಸೇರಿತು. ಲ್ಯಾಂಡ್‌ಸ್ಯಾಟ್ ಚಿತ್ರಗಳೆಲ್ಲವೂ 2008ರಿಂದ ಯಾರಿಗಾದರೂ ಉಚಿತವಾಗಿ ಸಿಗುತ್ತಿವೆ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರದವರು 2009ರಲ್ಲಿ 'ಭುವನ್' ಎಂಬ ನಕ್ಷೆಯ ಸೇವೆಯನ್ನು ತೆರೆದರು. ಇಂದು ನಮ್ಮ ಮಕ್ಕಳು ಮೊಬೈಲಿನಲ್ಲಿ ನಮ್ಮದೇ ಮನೆಯ ಸೂರನ್ನು ತೋರಿಸುವುದು ಈ ಹಾದಿಯ ಫಲ.

ಯಾವ ಮರ, ಯಾವ ನೆಲೆ?

ಪಾಠಕ್ಕೆ ಒಂದು ಉದಾಹರಣೆ ಬೇಕು. ನಮ್ಮ ಸೀಮೆಗೆ ಅತ್ಯಂತ ಹತ್ತಿರವಾದ ಉದಾಹರಣೆ ರಾಮಪತ್ರೆ ಜಡ್ಡಿ. ಎರಡು ಗುಡ್ಡಗಳ ನಡುವಿನ ಕೊಳ್ಳದಲ್ಲಿ, ಹಳ್ಳ ಹುಟ್ಟುವ ಕಡೆ, ವರ್ಷವಿಡೀ ನೀರು ಒಸರುವ ಕೆಸರು ನೆಲದಲ್ಲಿ ಬೆಳೆಯುವ ಕಾಡು ಇದು. ಇಲ್ಲಿಯ ಮುಖ್ಯ ಮರಗಳು ಜಾಯಿಕಾಯಿಯ ಬಳಗಕ್ಕೆ ಸೇರಿದವು. ಕೆಸರಿನಲ್ಲಿ ಬೇರಿಗೆ ಗಾಳಿ ಸಾಲದ ಕಾರಣ ಕೆಲವು ಮರಗಳ ಬೇರು ನೆಲದಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತದೆ. ಇನ್ನು ಕೆಲವು ಮರಗಳು ಕಾಂಡದಿಂದಲೇ ಊರುಗೋಲಿನಂಥ ಬೇರುಗಳನ್ನು ಇಳಿಬಿಡುತ್ತವೆ. ಇಂಥ ಜೌಗನ್ನು ತಿರುವಾಂಕೂರು ಸೀಮೆಯಲ್ಲಿ ಗುರುತಿಸಿ ಕೃಷ್ಣಮೂರ್ತಿ ಎಂಬ ಅರಣ್ಯಶಾಸ್ತ್ರಜ್ಞರು 1960ರಲ್ಲಿ ಬರೆದರು. 1968ರಲ್ಲಿ ಚಾಂಪಿಯನ್ ಮತ್ತು ಸೇಠ್ ಅವರು ಭಾರತದ ಕಾಡುಗಳನ್ನು ವರ್ಗೀಕರಿಸಿದಾಗ ಇದಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟರು.

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಇಂಥ ಜಡ್ಡಿಗಳಿವೆ. ಅಲ್ಲಿ ಸಿಕ್ಕಿದ ಒಂದು ಮರವನ್ನು ದಾಸಪ್ಪ ಮತ್ತು ಸ್ವಾಮಿನಾಥ್ ಅವರು 2000ದಲ್ಲಿ ಹೊಸ ಪ್ರಭೇದವೆಂದು ಪ್ರಕಟಿಸಿ, ಊರಿನ ಹೆಸರನ್ನೇ ಇಟ್ಟು ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಕರೆದರು. ಮಾವು, ಗೋಡಂಬಿ, ಕೇರು ಇವುಗಳ ಕುಟುಂಬಕ್ಕೆ ಸೇರಿದ ಮರ ಇದು. ಉತ್ತರ ಕನ್ನಡದ ಕೆಲವೇ ಜಡ್ಡಿಗಳಲ್ಲಿ ಮಾತ್ರ ಉಳಿದಿದೆ. ಶಿರಸಿಯ ಅರಣ್ಯ ಮಹಾವಿದ್ಯಾಲಯದ ವಿಜ್ಞಾನಿಗಳು ಇದರ ಸಂಖ್ಯೆ, ಹೂವು, ಕಾಯಿ, ಸಂತಾನಗಳ ಬಗ್ಗೆ ಅಭ್ಯಾಸ ಮಾಡಿದ್ದಾರೆ.

ಈ ಮರಗಳು ಇಷ್ಟು ಕಡಿಮೆಯಾದದ್ದು ಏಕೆ? ಇದಕ್ಕೆ ಉತ್ತರವನ್ನು ನಾವು ದೂರ ಹುಡುಕಬೇಕಾಗಿಲ್ಲ. ತಂಪು, ನೆರಳು, ವರ್ಷವಿಡೀ ನೀರು, ಗುಡ್ಡದಿಂದ ಇಳಿದುಬಂದ ಮೆಕ್ಕಲು ಮಣ್ಣು ಇವೆಲ್ಲ ಇರುವ ಕೊಳ್ಳ ಯಾವುದಕ್ಕೆ ಹೇಳಿಮಾಡಿಸಿದ ಜಾಗ? ಬಸಿಗಾಲುವೆ ತೋಡಿದರೆ ಅಡಿಕೆಗೆ, ಏರಿ ಕಟ್ಟಿದರೆ ಭತ್ತಕ್ಕೆ. ನಮ್ಮ ಅಜ್ಜಂದಿರು ತೋಟ ಎಬ್ಬಿಸಿದ್ದು ಬಹುಪಾಲು ಇಂಥ ಕೊಳ್ಳಗಳಲ್ಲಿಯೇ. ಅವರು ಹೊಟ್ಟೆಪಾಡಿಗಾಗಿ ಮಾಡಿದರು, ತಪ್ಪೆನ್ನಲಾಗದು. ಆದರೆ ಆ ಮರಗಳಿಗೂ ನಮ್ಮ ಅಡಿಕೆಗೂ ಬೇಕಾದ ನೆಲ ಒಂದೇ ಎಂಬುದನ್ನು ನೆನಪಿನಲ್ಲಿಡಬೇಕು. ಮುಂದಿನ ಪಾಠವೆಲ್ಲ ಇದರ ಮೇಲೆ ನಿಂತಿದೆ.

ಉಪಗ್ರಹ ನೋಡುವುದು ಏನನ್ನು?

ಹಸಿರೆಲೆಯು ಸೂರ್ಯನ ಕೆಂಪು ಬೆಳಕನ್ನು ಆಹಾರ ತಯಾರಿಗಾಗಿ ಹೀರಿಕೊಳ್ಳುತ್ತದೆ. ಅವಗೆಂಪು ಬೆಳಕನ್ನು ಬಹುಪಾಲು ಹಿಂದಕ್ಕೆ ಎಸೆಯುತ್ತದೆ. ಈ ಎರಡರ ಅಂತರವನ್ನು ಎರಡರ ಮೊತ್ತದಿಂದ ಭಾಗಿಸಿದರೆ ಸಿಗುವ ಸಂಖ್ಯೆಗೆ ಸಸ್ಯ ಸೂಚ್ಯಂಕ ಎನ್ನುತ್ತಾರೆ. ಒಂದು ಲೆಕ್ಕ ಮಾಡಿ ನೋಡೋಣ. ದಟ್ಟ ಹಸಿರಿನ ಜಾಗದಿಂದ ಅವಗೆಂಪು 50 ಪಾಲು, ಕೆಂಪು 5 ಪಾಲು ಹಿಂದಿರುಗಿತು ಎನ್ನಿ. ಅಂತರ 45, ಮೊತ್ತ 55, ಸೂಚ್ಯಂಕ ಸುಮಾರು 0.82. ಬರಿಯ ಮಣ್ಣಿನಿಂದ ಅವಗೆಂಪು 30, ಕೆಂಪು 20 ಹಿಂದಿರುಗಿದರೆ ಅಂತರ 10, ಮೊತ್ತ 50, ಸೂಚ್ಯಂಕ 0.20. ಹೀಗೆ ಸಂಖ್ಯೆ ಒಂದರ ಸಮೀಪ ಹೋದಷ್ಟೂ ಹಸಿರು ಹೆಚ್ಚು ಎಂದು ತಿಳಿಯಬೇಕು. ಇದನ್ನು ಮಾರ್ಚ್, ಏಪ್ರಿಲ್ ತಿಂಗಳ ಚಿತ್ರದಲ್ಲಿ ನೋಡಿದರೆ ಎಲೆಯುದುರುವ ಕಾಡು ಬೇರೆ, ನಿತ್ಯಹರಿದ್ವರ್ಣದ ಕಾನು ಬೇರೆ ಎಂದು ವಿಂಗಡಿಸಬಹುದು.

ಎರಡನೆಯದಾಗಿ, ಚಿತ್ರದ ಚೌಕದ ಅಳತೆ. ಉಪಗ್ರಹದ ಚಿತ್ರವು ಕಸೂತಿ ಬಟ್ಟೆಯಂತೆ ಸಣ್ಣ ಸಣ್ಣ ಚೌಕಗಳಿಂದ ಆದದ್ದು. ಒಂದು ಚೌಕದೊಳಗೆ ಏನೇನಿದ್ದರೂ ಎಲ್ಲ ಸೇರಿ ಒಂದೇ ಬಣ್ಣ. ಲ್ಯಾಂಡ್‌ಸ್ಯಾಟ್ ಚಿತ್ರದಲ್ಲಿ ಚೌಕದ ಒಂದು ಬದಿ 30 ಮೀಟರು, ಅಂದರೆ ಒಂದು ಚೌಕ ಸುಮಾರು 9 ಗುಂಟೆ. 2015ರಲ್ಲಿ ಯೂರೋಪಿನವರು ಹಾರಿಸಿದ ಸೆಂಟಿನೆಲ್-2ರ ಅತಿ ಸ್ಪಷ್ಟ ಚಿತ್ರದಲ್ಲಿ ಬದಿ 10 ಮೀಟರು, ಅಂದರೆ ಒಂದು ಚೌಕ ಹೆಚ್ಚುಕಡಿಮೆ ಒಂದು ಗುಂಟೆ. ಒಂಬತ್ತು ಅಡಿಗೆ ಒಂಬತ್ತು ಅಡಿಯಂತೆ ನೆಟ್ಟ ಅಡಿಕೆ ತೋಟದಲ್ಲಿ ಮೊದಲ ಚೌಕಕ್ಕೆ ಸುಮಾರು 120 ಮರ, ಎರಡನೆಯದಕ್ಕೆ ಹದಿಮೂರು ಹದಿನಾಲ್ಕು ಮರ ಬೀಳುತ್ತವೆ. ಅಷ್ಟು ಮರಗಳ ಬಣ್ಣ ಕಲಸಿ ಒಂದಾದ ಮೇಲೆ ನಡುವೆ ನಿಂತ ಒಂದು ಅಪರೂಪದ ಮರವನ್ನು ಬೇರ್ಪಡಿಸುವುದು ಹೇಗೆ? ಮೇಲಾಗಿ ಮಳೆಗಾಲದ ನಾಲ್ಕು ತಿಂಗಳು ನಮ್ಮ ಘಟ್ಟದ ಮೇಲೆ ಮೋಡ ಮುಚ್ಚಿರುತ್ತದೆ. ಈ ಉಪಗ್ರಹಗಳಿಗೆ ಆಗ ಮೋಡದ ಬೆನ್ನು ಮಾತ್ರ ಕಾಣುತ್ತದೆ.

ಮೂರನೆಯದು ನೆಲದ ಏರಿಳಿತ. 2000ದ ಫೆಬ್ರವರಿಯಲ್ಲಿ ಅಮೆರಿಕದ ಎಂಡೆವರ್ ಗಗನನೌಕೆ ಹನ್ನೊಂದು ದಿನಗಳಲ್ಲಿ ಭೂಮಿಯ ಬಹುಭಾಗದ ಎತ್ತರವನ್ನು ರಾಡಾರಿನಿಂದ ಅಳೆಯಿತು. ನಮ್ಮ ಕಾರ್ಟೊಸ್ಯಾಟ್-1 ಉಪಗ್ರಹವೂ 2005ರಿಂದ ಇಂಥ ಅಳತೆಗೆ ನೆರವಾಯಿತು. ಎತ್ತರ ಗೊತ್ತಾದರೆ ಇಳಿಜಾರು ಗೊತ್ತಾಗುತ್ತದೆ. ಇಳಿಜಾರು ಗೊತ್ತಾದರೆ ಮಳೆಯ ನೀರು ಎಲ್ಲಿಂದ ಇಳಿದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ಮೇಲಿನಿಂದ ಹೆಚ್ಚು ಜಾಗದ ನೀರು ಬಂದು ಸೇರುವ, ಆದರೆ ತಾನು ಸಮತಟ್ಟಾಗಿರುವ ನೆಲ ಹೆಚ್ಚು ತೇವದ್ದು. ಈ ಲೆಕ್ಕವನ್ನು 1979ರಲ್ಲಿ ಬೆವೆನ್ ಮತ್ತು ಕರ್ಕ್‌ಬಿ ಎಂಬವರು ಸೂತ್ರಕ್ಕೆ ಇಳಿಸಿದರು. ತೋಟ ಎಬ್ಬಿಸುವ ಮೊದಲು ಗುಡ್ಡದ ನೆತ್ತಿಯಲ್ಲಿ ನಿಂತು ಕೊಳ್ಳವನ್ನು ನೋಡುತ್ತಿದ್ದ ನಮ್ಮ ಹಿರಿಯರು ಕಣ್ಣಂದಾಜಿನಲ್ಲಿ ಮಾಡುತ್ತಿದ್ದುದೂ ಇದನ್ನೇ.

ನೆಲೆ ಹುಡುಕುವ ಲೆಕ್ಕ

ಮರವೇ ಕಾಣದಿದ್ದರೆ ಅದಕ್ಕೆ ನೆಲೆ ಹುಡುಕುವುದು ಹೇಗೆ? ಉಪಾಯ ಹೀಗಿದೆ. ಮೊದಲು, ಆ ಮರ ಇರುವುದು ಖಚಿತವಾಗಿ ಗೊತ್ತಿರುವ ಜಾಗಗಳಿಗೆ ನಡೆದುಹೋಗಿ ಅಕ್ಷಾಂಶ, ರೇಖಾಂಶ ಬರೆದುಕೊಳ್ಳುತ್ತಾರೆ. ಎರಡನೆಯದಾಗಿ, ಆ ಜಾಗಗಳ ಮಳೆ, ಉಷ್ಣಾಂಶ, ಎತ್ತರ, ಇಳಿಜಾರು, ತೇವ, ಬೇಸಗೆಯ ಹಸಿರು ಇವುಗಳ ಅಂಕಿಗಳನ್ನು ಒಟ್ಟುಗೂಡಿಸುತ್ತಾರೆ. ಮೂರನೆಯದಾಗಿ, ಈ ಮರ ಬಯಸುವ ಒಟ್ಟು ಸ್ಥಿತಿ ಯಾವುದು ಎಂದು ಕಂಪ್ಯೂಟರಿನಿಂದ ಲೆಕ್ಕ ಮಾಡಿಸಿ, ಸುತ್ತಲಿನ ಸೀಮೆಯ ಪ್ರತಿಯೊಂದು ಚೌಕಕ್ಕೂ ಸೊನ್ನೆಯಿಂದ ಒಂದರವರೆಗೆ ಅಂಕ ಕೊಡಿಸುತ್ತಾರೆ. 2006ರಲ್ಲಿ ಪ್ರಕಟವಾದ 'ಮ್ಯಾಕ್ಸೆಂಟ್' ಎಂಬ ವಿಧಾನ ಈ ಕೆಲಸಕ್ಕೆ ಹೆಚ್ಚು ಬಳಕೆಯಲ್ಲಿದೆ. ನಾಲ್ಕನೆಯದಾಗಿ, ಗೊತ್ತಿದ್ದ ಜಾಗಗಳಲ್ಲಿ ಕೆಲವನ್ನು ಮೊದಲೇ ಮುಚ್ಚಿಟ್ಟು, ನಕ್ಷೆ ಅವನ್ನು ತಾನಾಗಿ ಗುರುತಿಸಿತೇ ಎಂದು ಪರೀಕ್ಷಿಸುತ್ತಾರೆ. ಕೊನೆಯದಾಗಿ, ಹೆಚ್ಚು ಅಂಕ ಬಂದ ಜಾಗಗಳಿಗೆ ಹೋಗಿ ನೋಡುತ್ತಾರೆ.

ಹೋಗಿ ನೋಡಿದಾಗ ಮೂರರಲ್ಲಿ ಒಂದು ಆಗಬಹುದು. ಮರ ಅಲ್ಲಿಯೇ ಇದ್ದು ಇಷ್ಟು ದಿನ ಯಾರ ಕಣ್ಣಿಗೂ ಬೀಳದೆ ಇದ್ದಿರಬಹುದು. ಮರ ಇಲ್ಲದಿದ್ದರೂ ನೆಲೆ ಸರಿಯಾಗಿದ್ದು, ಸಸಿ ನೆಡಲು ಯೋಗ್ಯವಾಗಿರಬಹುದು. ಇಲ್ಲವೇ ನಕ್ಷೆ ತಪ್ಪಿರಬಹುದು.

ಮೇಘಾಲಯದ ಖಾಸಿ ಬೆಟ್ಟಗಳಲ್ಲಿ ಐಲೆಕ್ಸ್ ಖಾಸಿಯಾನಾ ಎಂಬ ತೀವ್ರ ಅಪಾಯದಲ್ಲಿರುವ ಮರವಿದೆ. ಷಿಲ್ಲಾಂಗಿನ ವಿಜ್ಞಾನಿಗಳು ಈ ವಿಧಾನದಿಂದಲೇ ಅದನ್ನು ಮತ್ತೆ ನೆಡಲು ತಕ್ಕ ಸ್ಥಳಗಳನ್ನು ಗುರುತಿಸಿ 2012ರಲ್ಲಿ ಪ್ರಕಟಿಸಿದರು. ಕಂಪ್ಯೂಟರು ಅಂಕ ಕೊಟ್ಟಲ್ಲಿಗೆ ಅವರು ತೃಪ್ತರಾಗಲಿಲ್ಲ. ಆ ಜಾಗ ಈಗ ಕಾಡೋ, ಹೊಲವೋ, ಊರೋ ಎಂಬುದನ್ನು ಸ್ಪಷ್ಟ ಚಿತ್ರಗಳ ಮೇಲೆ ಇಟ್ಟು ನೋಡಿದರು. ನಮ್ಮ ಜಡ್ಡಿಗಳ ವಿಷಯದಲ್ಲಿ ಈ ಹೆಜ್ಜೆ ಇನ್ನೂ ಮುಖ್ಯ.

ನಕ್ಷೆ ಎಡವುವುದು ಎಲ್ಲಿ?

ಮೊದಲನೆಯ ತೊಡಕು ಅಳತೆಯದು. ಜಡ್ಡಿಗಳು ಹಳ್ಳದ ಗುಂಟ ಹರಡಿದ ಕಿರಿದಾದ ಪಟ್ಟಿಗಳು. ಮಳೆ ಮತ್ತು ಉಷ್ಣಾಂಶದ ಅಂಕಿಗಳಾದರೋ ಸಾಮಾನ್ಯವಾಗಿ ಒಂದು ಕಿಲೋಮೀಟರಿನ ಚೌಕದಲ್ಲಿ ಸಿಗುತ್ತವೆ. ಒಂದು ಚದರ ಕಿಲೋಮೀಟರು ಎಂದರೆ 247 ಎಕರೆ. ಅದೂ ದೂರದೂರದ ಮಳೆಮಾಪನ ಕೇಂದ್ರಗಳ ಅಂಕಿಯಿಂದ ನಡುವಿನದನ್ನು ಅಂದಾಜು ಮಾಡಿದ್ದು. ಘಟ್ಟದ ಅಂಚಿನಿಂದ ಎರಡು ಊರು ಒಳಕ್ಕೆ ಬಂದರೆ ಮಳೆ ಎಷ್ಟು ಕಡಿಮೆಯಾಗುತ್ತದೆಂದು ಕೊಳೆರೋಗಕ್ಕೆ ಔಷಧಿ ಹೊಡೆಸುವ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನೆಯದು, ಹಸಿರಿಗೆ ಹಸಿರು ಮೋಸ. ಕಾಡುಮರಗಳ ನೆರಳಿನಲ್ಲಿ ಬೆಳೆದ ಕಾಫಿ ಮೇಲಿನಿಂದ ನೋಡಿದರೆ ಕಾಡಿನಂತೆಯೇ ಕಾಣುತ್ತದೆ. ಕೊಳ್ಳದ ಅಡಿಕೆಯೂ ಬೇಸಗೆಯಲ್ಲಿ ಕಾನಿನಷ್ಟೇ ಹಸಿರು. ಎತ್ತರದ ಅಳತೆಯಲ್ಲಿಯೂ ರಾಡಾರು ದಟ್ಟ ಕಾಡಿನಲ್ಲಿ ನೆಲಕ್ಕಿಂತ ಹೆಚ್ಚಾಗಿ ಮರದ ತಲೆಯನ್ನೇ ಮುಟ್ಟಿ ಹಿಂದಿರುಗುವುದರಿಂದ, ಸಣ್ಣ ಕೊಳ್ಳಗಳು ನಕ್ಷೆಯಲ್ಲಿ ಮುಚ್ಚಿಹೋಗಬಹುದು.

ಮೂರನೆಯದು, ಕಲಿಸಿದಷ್ಟನ್ನೇ ಹೇಳುವ ಗುಣ. ಕೇರಳದ ಜಡ್ಡಿಗಳು ಹೆಚ್ಚಾಗಿ 300 ಮೀಟರಿಗಿಂತ ಕೆಳಗಿನ ನೆಲದಲ್ಲಿವೆ, ಕತ್ತಲೆಕಾನು ಅದಕ್ಕಿಂತ ಮೇಲಿದೆ. ಕೇರಳದ ಅಂಕಿಗಳನ್ನಷ್ಟೇ ಕೊಟ್ಟು ಲೆಕ್ಕ ಮಾಡಿಸಿದರೆ ಕತ್ತಲೆಕಾನಿಗೆ ಕಡಿಮೆ ಅಂಕ ಬೀಳುವುದು ಸಹಜ. ಇದು ಬರಿಯ ಊಹೆಯ ಭಯವಲ್ಲ. ಮಧುಕ ಬೋರ್ಡಿಲೋನಿ ಮತ್ತು ಸೈಜಿಜಿಯಂ ತಿರುವಾಂಕೂರಿಕಮ್ ಎಂಬ ಎರಡು ಮರಗಳು ಕೇರಳದ ದಕ್ಷಿಣ ಭಾಗಕ್ಕೆ ಸೀಮಿತವೆಂದು ಬಹುಕಾಲ ತಿಳಿಯಲಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಡಾ. ಎಂ. ಡಿ. ಸುಭಾಷ್ ಚಂದ್ರನ್ ಮತ್ತು ಸಂಗಡಿಗರು ಉತ್ತರ ಕನ್ನಡದ ಕಾನುಗಳಲ್ಲಿ ಓಡಾಡಿ ಅವೆರಡೂ ಇಲ್ಲಿ ಇರುವುದನ್ನು 2008ರಲ್ಲಿ ಪ್ರಕಟಿಸಿದರು. ನೂರಾರು ಕಿಲೋಮೀಟರು ಉತ್ತರಕ್ಕೆ ಉಳಿದುಕೊಂಡಿದ್ದ ಆ ಮರಗಳು ಸಿಕ್ಕಿದ್ದು ಕಾಡಿನಲ್ಲಿ ನಡೆದವರ ಕಣ್ಣಿಗೆ.

ಹಾಗೆಂದು ತಂತ್ರವನ್ನು ಹಳಿಯಬೇಕಾಗಿಲ್ಲ. ಇಡೀ ಜಿಲ್ಲೆಯ ಕೊಳ್ಳಗಳನ್ನೆಲ್ಲ ಕಾಲ್ನಡಿಗೆಯಲ್ಲಿ ಹುಡುಕುವುದು ಯಾರಿಂದಲೂ ಆಗದ ಕೆಲಸ. ನಕ್ಷೆ ಆ ಹುಡುಕಾಟವನ್ನು ನಾಲ್ಕಾರು ಕೊಳ್ಳಗಳಿಗೆ ಇಳಿಸಿಕೊಡುತ್ತದೆ. ತಂತ್ರವೂ ಸುಧಾರಿಸುತ್ತಿದೆ. 2025ರ ಜುಲೈ 30ರಂದು ಶ್ರೀಹರಿಕೋಟದಿಂದ ಹಾರಿದ ಭಾರತ ಮತ್ತು ಅಮೆರಿಕಗಳ ಜಂಟಿ ಉಪಗ್ರಹ 'ನಿಸಾರ್' ಉದ್ದ ಅಲೆಯ ರಾಡಾರನ್ನು ಹೊತ್ತಿದೆ. ಸುಮಾರು 24 ಸೆಂಟಿಮೀಟರಿನ ಈ ಅಲೆಗಳು ಮೋಡವನ್ನು ದಾಟುತ್ತವೆ, ಎಲೆಗಳ ಹೊದಿಕೆಯನ್ನೂ ಸಾಕಷ್ಟು ದಾಟಿ, ಮರದ ಬುಡದಲ್ಲಿ ನೀರು ನಿಂತಿದ್ದರೆ ಅದರ ಸುಳಿವನ್ನು ತರಬಲ್ಲವು.

ನಮ್ಮ ತೋಟದ ಕೆಳಗಿನ ಮೂಲೆ

ಇಷ್ಟನ್ನು ಪುಸ್ತಕದಿಂದ ಹೇಳಬಹುದಿತ್ತು. ಇನ್ನು ಹೇಳುವುದು ನಮ್ಮ ಅನುಭವ.

ಕೆಲವು ವರ್ಷಗಳ ಹಿಂದೆ ಇಬ್ಬರು ವಿದ್ಯಾರ್ಥಿಗಳು ಇಂಥ ಒಂದು ನಕ್ಷೆಯನ್ನು ಹಿಡಿದು ನಮ್ಮ ಮನೆಗೆ ಬಂದರು. ನಮ್ಮ ಊರಿನಲ್ಲಿ ಮೂರು ಕಡೆ ಕೆಂಪು ಗುರುತು ಬಿದ್ದಿತ್ತು. "ದಾರಿ ತೋರಿಸುತ್ತೀರಾ ಸರ್?" ಎಂದು ಕೇಳಿದರು. ಕಂಬಳಿಕೊಪ್ಪೆ ಹಾಕಿಕೊಂಡು ಹೊರಟೆವು. ಮೊದಲ ಗುರುತು ನಮ್ಮ ನೆರೆಯವರ ತೋಟದ ನಟ್ಟನಡುವೆ ಇತ್ತು. ಎರಡು ತಲೆಮಾರಿನ ಅಡಿಕೆ ತೋಟ ಅದು. ಎರಡನೆಯದು ಗುಡ್ಡದ ನೆರಳು ಬೀಳುವ ಒಂದು ಒಣ ಇಳಿಜಾರು, ನೀರಿನ ಸುಳಿವೇ ಇಲ್ಲ. ಮೂರನೆಯದು ನಮ್ಮದೇ ತೋಟದ ಕೆಳಗಿನ ಮೂಲೆ.

ಆ ಮೂಲೆಯ ಕಥೆಯನ್ನು ಮುಚ್ಚಿಡುವುದಿಲ್ಲ. ಅಡಿಕೆಗೆ ಒಳ್ಳೆಯ ಬೆಲೆ ಬಂದ ಕಾಲದಲ್ಲಿ ಅಲ್ಲಿ ಬಸಿಗಾಲುವೆ ತೋಡಿಸಿ ಸಸಿ ಹಾಕಿದವರು ನಾವೇ. ಆರೇಳು ಗುಂಟೆ ಜಾಗ. ನೀರು ಪೂರ್ತಿ ಬಸಿಯಲಿಲ್ಲ. ಗಿಡಗಳಿಗೆ ಹಿಡಿಮುಂಡಿಗೆ ಬಂತು, ಗರಿ ಗಿಡ್ಡವಾಗಿ ಗಂಟು ಹತ್ತಿರವಾಯಿತು. ಕಾಲುವೆಯನ್ನು ಇನ್ನೂ ಆಳ ಮಾಡಿಸಿದೆವು. ಆಳ ಮಾಡಿದ ಮೇಲೆ ಅಡಿಕೆಯೂ ಸುಧಾರಿಸಲಿಲ್ಲ, ಮಾರ್ಚ್ ತಿಂಗಳಿನಲ್ಲಿ ತೋಟಕ್ಕೆ ನೀರು ಕೊಡುತ್ತಿದ್ದ ಕೆಳಗಿನ ಒರತೆ ಫೆಬ್ರವರಿಗೇ ಬತ್ತತೊಡಗಿತು.

ನಮ್ಮ ಜೊತೆಗೆ ಬಂದಿದ್ದ ನೆರೆಮನೆಯ ಹಿರಿಯರು ಕೋಲು ಊರಿ ನಿಂತು, "ನೀನು ಕಾಲುವೆ ತೋಡಿಸುವ ಮೊದಲು ಇಲ್ಲಿ ಮಂಡಿಯೂರಿದ ಹಾಗೆ ಬೇರು ಬಿಟ್ಟ ಮರ ನಾಲ್ಕೈದು ಇದ್ದವಲ್ಲ ಮಾರಾಯ, ಮರೆತೆಯಾ?" ಎಂದರು. ನಾವು ಮರೆತಿರಲಿಲ್ಲ. ಅವನ್ನು ಕಡಿಸಿ ಒಲೆಗೆ ಹಾಕಿದ್ದೆವು. ಆ ವಿದ್ಯಾರ್ಥಿಗಳ ಎದುರಿಗೆ ಅದನ್ನು ಹೇಳಲು ನಾಲಗೆ ಏಳಲಿಲ್ಲ.

ಮೂರರಲ್ಲಿ ಒಂದು ಗುರುತು ಸರಿ, ಒಂದು ತಪ್ಪು, ಇನ್ನೊಂದು ಒಂದು ಕಾಲದಲ್ಲಿ ಸರಿಯಾಗಿದ್ದು ಈಗ ತೋಟವಾದದ್ದು. ನಕ್ಷೆಗೆ ಈ ಮೂರರ ನಡುವೆ ವ್ಯತ್ಯಾಸ ಗೊತ್ತಿರಲಿಲ್ಲ. ಗೊತ್ತಿದ್ದುದು ಕೋಲು ಊರಿ ನಿಂತ ಆ ಹಿರಿಯರಿಗೆ.

ರಾತ್ರಿ ಊಟದ ಹೊತ್ತಿಗೆ ತಮ್ಮ ಆಕ್ಷೇಪ ಎತ್ತಿದ. "ಅಣ್ಣ, ಆ ಮೂಲೆಯಲ್ಲಿ ಕಾಡುಮರ ನೆಡುತ್ತೇನೆಂದು ನೀನು ಒಪ್ಪಿಕೊಂಡರೆ ನಾಳೆ ಯಾರಾದರೂ ಬಂದು ಇದು ತೋಟವಲ್ಲ, ಕಾಡು ಎಂದರೆ ಏನು ಮಾಡುವುದು?" ಅವನ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಸದಸ್ಯರಲ್ಲಿ ಹೆಚ್ಚಿನವರ ಮನಸ್ಸಿನಲ್ಲಿರುವುದೂ ಇದೇ ಮಾತು ಎಂದು ಬಲ್ಲೆವು.

ಭಯ ಮತ್ತು ತಿಳಿವಳಿಕೆ

2013ರಲ್ಲಿ ಡಾ. ಕಸ್ತೂರಿರಂಗನ್ ಅಧ್ಯಕ್ಷತೆಯ ಸಮಿತಿ ಪಶ್ಚಿಮ ಘಟ್ಟದ ಸುಮಾರು ಶೇಕಡ 37 ಭಾಗವನ್ನು ಪರಿಸರ ಸೂಕ್ಷ್ಮವೆಂದು ಸೂಚಿಸಿತು. ಅದಕ್ಕೆ ಆಧಾರ ಉಪಗ್ರಹದ ಚಿತ್ರ, ಗ್ರಾಮವೇ ಘಟಕ. ನೆರಳಿನ ತೋಟವನ್ನು ಕಾಡೆಂದು ಎಣಿಸಿದ್ದಾರೆ ಎಂಬ ದೂರು ಮಲೆನಾಡಿನ ಊರೂರಿನಲ್ಲಿ ಎದ್ದಿತು. ಆ ವರದಿಯ ಪರ, ವಿರೋಧ ಇಲ್ಲಿ ನಮ್ಮ ವಿಷಯವಲ್ಲ. ಆದರೆ ಆ ಕಾಲದ ಸಭೆಗಳಲ್ಲಿ ನಮ್ಮಲ್ಲಿ ಎಷ್ಟು ಮಂದಿ ನಕ್ಷೆಯ ಚೌಕ ಎಷ್ಟು ದೊಡ್ಡದು ಎಂದು ಕೇಳಿದೆವು? ಕೇಳಲು ನಮಗೆ ತಿಳಿದಿರಲಿಲ್ಲ. ಯಾವುದೇ ನಕ್ಷೆ ನಮ್ಮ ಮುಂದೆ ಬಂದಾಗ ಈ ಐದು ಪ್ರಶ್ನೆಗಳನ್ನು ಕೇಳುವ ರೂಢಿ ಮಾಡಿಕೊಳ್ಳಬೇಕು:

1. ಚಿತ್ರದ ಒಂದು ಚೌಕ ಎಷ್ಟು ಗುಂಟೆ?
2. ಚಿತ್ರ ಯಾವ ವರ್ಷದ್ದು, ಯಾವ ತಿಂಗಳಿನದು?
3. ಲೆಕ್ಕಕ್ಕೆ ಆಧಾರವಾದ ಮರಗಳನ್ನು ಎಷ್ಟು ಕಡೆ, ಯಾವ ಸೀಮೆಯಲ್ಲಿ ನೋಡಿದ್ದು?
4. ತೋಟವನ್ನೂ ಕಾಡನ್ನೂ ಬೇರ್ಪಡಿಸಿದ್ದು ಹೇಗೆ?
5. ನೆಲಕ್ಕೆ ಬಂದು ಪರಿಶೀಲಿಸಿದವರು ಯಾರು, ಎಷ್ಟು ಕಡೆ?

ಉತ್ತರ ಸರಿಯಿದ್ದರೆ ನಕ್ಷೆಯನ್ನು ನಂಬಬಹುದು. ಸರಿಯಿಲ್ಲದಿದ್ದರೆ ಕೂಗಾಡದೆ, ತೋಟದ ಪಹಣಿ ಮತ್ತು ಸರ್ವೆ ನಂಬರನ್ನು ಮುಂದಿಟ್ಟು ತಿದ್ದಿಸಬಹುದು. ಸರ್ಕಾರದ 'ದಿಶಾಂಕ್' ಎಂಬ ಮೊಬೈಲ್ ಸೌಲಭ್ಯದಲ್ಲಿ ನಾವು ನಿಂತ ಜಾಗದ ಸರ್ವೆ ನಂಬರು ಗೊತ್ತಾಗುವುದರಿಂದ ಈ ಕೆಲಸ ಮೊದಲಿನಷ್ಟು ಕಷ್ಟವಲ್ಲ.

ಬೆಳೆಗಾರರು ಮಾಡಬಹುದಾದ ಕೆಲಸ

ಒಂದು: ತಮ್ಮ ತೋಟದ ಅಂಚಿನಲ್ಲಿ, ಸೊಪ್ಪಿನ ಬೆಟ್ಟದ ಕೊಳ್ಳದಲ್ಲಿ, ಮೊಣಕಾಲು ಬೇರು ಅಥವಾ ಊರುಗೋಲು ಬೇರಿನ ಮರಗಳಿದ್ದರೆ ಗುರುತಿಸಿಡಿ. ಹೂವು, ಕಾಯಿ ಬರುವ ತಿಂಗಳನ್ನು ಡೈರಿಯಲ್ಲಿ ಬರೆಯಿರಿ. ಮೊಬೈಲಿನಲ್ಲಿ ಜಾಗದ ಅಂಕಿ ತೆಗೆದುಕೊಳ್ಳುವಾಗ ದಶಮಾಂಶದ ನಂತರ ನಾಲ್ಕು ಅಂಕಿಗಳಿರಲಿ. ನಾಲ್ಕು ಅಂಕಿ ಇದ್ದರೆ ಸುಮಾರು 11 ಮೀಟರಿನ ಖಚಿತತೆ, ಮೂರೇ ಇದ್ದರೆ 111 ಮೀಟರು. ಜಡ್ಡಿಯ ಮರ ಗುಡ್ಡದ ನೆತ್ತಿಗೆ ಹೋಗಿಬಿಡುತ್ತದೆ! ಆದರೆ ಈ ಅಂಕಿಯನ್ನು ಕಂಡಕಂಡವರಿಗೆ ಹಂಚಬೇಡಿ. ಅಪರೂಪದ ಮರದ ವಿಳಾಸ ತಿಳಿದರೆ ಕಾಯಿ ಕೊಯ್ಯುವವರು ಮೊದಲು ಬರುತ್ತಾರೆ.

ಎರಡು: ಹಳ್ಳ ಹುಟ್ಟುವ ತಲೆಯಲ್ಲಿ ಬಸಿಗಾಲುವೆಯನ್ನು ಇನ್ನಷ್ಟು ಆಳ ಮಾಡಬೇಡಿ. ಅಲ್ಲಿ ಹಿಡಿದಿಟ್ಟ ನೀರೇ ಬೇಸಗೆಯಲ್ಲಿ ಕೆಳಗಿನ ತೋಟಕ್ಕೆ ಬರುವುದು. ನಾವು ಇದನ್ನು ನಷ್ಟ ತೆತ್ತು ಕಲಿತೆವು.

ಮೂರು: ನೆಡುವ ಮನಸ್ಸಿದ್ದವರು ಫಸಲು ಕೊಡದ ನೀರು ನಿಲ್ಲುವ ಮೂಲೆಯನ್ನಷ್ಟೇ ಆರಿಸಿಕೊಳ್ಳಿ. ಫಲ ಕೊಡುವ ತೋಟವನ್ನು ಕೀಳಬೇಕೆಂದು ಯಾರೂ ಹೇಳುತ್ತಿಲ್ಲ. ರಾಮಪತ್ರೆಯ ಬಳಗದ ಬೀಜ ಒಣಗಿದರೆ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಬಿದ್ದ ಕೂಡಲೇ ಬಿತ್ತಬೇಕು, ಇಲ್ಲವೇ ಸಸಿಯನ್ನೇ ತರಬೇಕು. ಸಸಿಗೆ ನೆರಳು ಬೇಕು, ದನಕರುಗಳಿಂದ ಬೇಲಿ ಬೇಕು. ಜಾಯಿಕಾಯಿ ಬೆಳೆದವರಿಗೆ ಗೊತ್ತಿರುವಂತೆ ಇವುಗಳಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಒಂದೆರಡು ಸಸಿ ನೆಟ್ಟರೆ ಕಾಯಿಯ ಭರವಸೆಯಿಲ್ಲ, ಹತ್ತು ಹದಿನೈದಾದರೂ ಇರಲಿ.

ನಾಲ್ಕು: ಕಾನೂನಿನ ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಸ್ವಂತ ಜಮೀನಿನ ಮರವನ್ನು ಕಡಿಯಲೂ, ವಿನಾಯಿತಿ ಇರುವ ಜಾತಿಗಳ ಹೊರತು, ಅನುಮತಿ ಬೇಕು. ಆದ್ದರಿಂದ ಮುಂದೆ ಕಡಿಯಬೇಕಾಗಬಹುದಾದ ಜಾಗದಲ್ಲಿ ನೆಡಬೇಡಿ. ನೆಡುವ ಮೊದಲು ಸರ್ವೆ ನಂಬರು, ವಿಸ್ತೀರ್ಣ, ನೆಟ್ಟ ದಿನ ಇವನ್ನು ಬರೆದು ಪ್ರತಿಯೊಂದನ್ನು ಸಂಘದ ಕಚೇರಿಯಲ್ಲಿ ಇಡಿ. ಸೊಪ್ಪಿನ ಬೆಟ್ಟದಲ್ಲಿ ನಮಗಿರುವುದು ಸೊಪ್ಪು ತರಗೆಲೆಗಳ ಹಕ್ಕು ಮಾತ್ರ. ಅಲ್ಲಿ ಏನು ಮಾಡುವುದಿದ್ದರೂ ಅರಣ್ಯ ಇಲಾಖೆಯನ್ನು ಕೇಳಿಯೇ ಮಾಡತಕ್ಕದ್ದು.

ಐದು: ನಕ್ಷೆ ಹಿಡಿದು ಬರುವ ವಿದ್ಯಾರ್ಥಿಗಳನ್ನು ಬಾಗಿಲಲ್ಲೇ ನಿಲ್ಲಿಸಿ ಕಳುಹಿಸಬೇಡಿ. ಮನೆಯ ಹಿರಿಯರನ್ನು ಅವರ ಜೊತೆಗೆ ಕಳುಹಿಸಿ. ಅವರ ಕಾಗದದಲ್ಲಿ ಇಲ್ಲದ್ದು ಹಿರಿಯರ ನೆನಪಿನಲ್ಲಿದೆ, ಆ ನೆನಪು ಇನ್ನು ಹತ್ತು ವರ್ಷಕ್ಕೆ ಸಿಗುವುದಿಲ್ಲ.

ನಮ್ಮ ಮೂಲೆಯ ವಿಷಯ ಹೇಳಿ ಮುಗಿಸುತ್ತೇವೆ. ತಮ್ಮನ ಮಾತಿಗೆ ಬೆಲೆ ಕೊಟ್ಟು, ಮೊದಲು ಕಾಗದಪತ್ರ ಮಾಡಿಸಿ, ಆಮೇಲೆ ಬಸಿಗಾಲುವೆಯ ಬಾಯಿಗೆ ಕಲ್ಲು ಮಣ್ಣು ಹಾಕಿ ಮುಚ್ಚಿದೆವು. ಹಿಡಿಮುಂಡಿಗೆಯ ಅಡಿಕೆ ಮರಗಳನ್ನು ಸದ್ಯ ನೆರಳಿಗೆಂದು ಹಾಗೆಯೇ ಬಿಟ್ಟಿದ್ದೇವೆ. ಅವುಗಳ ಬುಡದಲ್ಲಿ ನೆಟ್ಟ ಹದಿನೆಂಟು ಸಸಿಗಳಲ್ಲಿ ಹನ್ನೊಂದು ಬದುಕಿವೆ. ಎತ್ತರ ಇನ್ನೂ ಎದೆಯ ಮಟ್ಟ. ಬಾಗಿದ ಬೇರು ಕಾಣಲು ನಮ್ಮ ಆಯುಸ್ಸು ಸಾಲದು. ಒರತೆ ಕಳೆದ ಬೇಸಗೆಯಲ್ಲಿ ಮಾರ್ಚ್ ಎರಡನೆಯ ವಾರದವರೆಗೆ ನಿಂತಿತ್ತು. ಇದು ಕಾಲುವೆ ಮುಚ್ಚಿದ್ದರಿಂದಲೋ, ಹಿಂದಿನ ವರ್ಷದ ಹೆಚ್ಚಿನ ಮಳೆಯಿಂದಲೋ ಎಂಬುದನ್ನು ಇನ್ನೆರಡು ಬೇಸಗೆ ನೋಡಿ ಹೇಳಬೇಕು. ತಮ್ಮನೇ ಈಗ ಒರತೆಯ ಪಕ್ಕದಲ್ಲಿ ಅಳತೆಯ ಗೂಟ ನೆಟ್ಟು ವಾರಕ್ಕೊಮ್ಮೆ ಬರೆದಿಡುತ್ತಿದ್ದಾನೆ.

ನೋಡಬಯಸುವ ಸದಸ್ಯರು ಸಂಘದ ಕಚೇರಿಯಲ್ಲಿ ತಿಳಿಸಿ ಬರಬಹುದು. ಮಳೆಗಾಲದಲ್ಲಿ ಬರುವವರು ಉಂಬಳಕ್ಕೆ ಸುಣ್ಣ ಹೊಗೆಸೊಪ್ಪು ತರಲು ಮರೆಯಬಾರದು.